ಹಲಸು ಬಡಿದು ಕೇಳುವ ಮಕ್ಕಳು

(ಬೇಸಿಗೆ ರಜೆಯಲ್ಲಿ ಚಿಕ್ಕ ಮಕ್ಕಳನ್ನು ಸೇರಿಸಿ ಹಾಡು, ಆಟ ನಡೆಸಲು ಮುಂದೆ ಬಂದಿರುವ ಕಾಸರಗೋಡಿನ ಕಾಲೇಜು ವಿದ್ಯಾರ್ಥಿಗಳ ಎದುರು ನಿವೃತ್ತ ಶಿಕ್ಷಕಿಯೊಬ್ಬರು ಆಡಿದ ಮಾತು. ಹೊಸೂರು, ಅಕ್ಕಲಕೋಟೆ ಕಡೆಯ ಗೆಳೆಯರೂ ಫೋನಿನಲ್ಲಿ ಸೇರಿಕೊಂಡಿದ್ದರು. ಓದಿ, ನಿಮ್ಮ ಊರಿನ ಗುಂಪುಗಳಿಗೂ ಕಳುಹಿಸಿ.)



ಮೈಕ್ ಬೇಡ ಅಂತ ನಾನೇ ಹೇಳಿದ್ದು. ಇಷ್ಟು ಜನರಿಗೆ ಮಾತಾಡ್ಲಿಕ್ಕೆ ಮೈಕ್ ಎಂತಕ್ಕೆ? ನಾಳೆಯಿಂದ ನೀವು ಮೂರು, ನಾಲ್ಕು, ಐದು ವರ್ಷದ ಮಕ್ಕಳ ಜೊತೆ ಕೂತುಕೊಳ್ಳುವವರು. ಅಲ್ಲಿಯೂ ಮೈಕ್ ಬೇಡ. ಯಾಕೆ ಅಂತ ನಾನು ಮಾಡಿದ ಒಂದು ತಪ್ಪಿನಿಂದಲೇ ಶುರು ಮಾಡ್ತೇನೆ.

ನಾನಿನ್ನೂ ಶಾಲೆಯಲ್ಲಿದ್ದಾಗ ನಾವು ಕೆಲವರು ಸೇರಿ ಒಂದು ದೊಡ್ಡ ಬೇಸಿಗೆ ಶಿಬಿರ ಮಾಡಿದೆವು. ಶಾಮಿಯಾನ, ಬ್ಯಾನರು, ಉದ್ಘಾಟನೆಗೆ ಮೂವರು ಅತಿಥಿಗಳು. ಒಂಬತ್ತೂವರೆಗೆ ಬಂದ ಮಕ್ಕಳು ಹನ್ನೊಂದರವರೆಗೆ ಭಾಷಣ ಕೇಳಿದರು. ಕೇಳಿದರು ಅಂದರೆ, ಎರಡು ಮಕ್ಕಳು ಮಲಗಿದವು, ಒಂದು ಅತ್ತಿತು. ಆಮೇಲೆ ನಾಡಿನ ಹಿರಿಮೆಯ ಒಂದು ಹಾಡನ್ನು ಐದು ದಿನ ಕೂರಿಸಿ ಬಾಯಿಪಾಠ ಮಾಡಿಸಿದೆವು. ಸಮಾರೋಪದಲ್ಲಿ ಚೆನ್ನಾಗಿಯೇ ಹಾಡಿದರು. ಫೋಟೋವೂ ಬಂತು. ಜೂನ್‌ನಲ್ಲಿ ಆ ಗುಂಪಿನ ಒಬ್ಬ ಹುಡುಗ ನನ್ನ ಒಂದನೇ ತರಗತಿಗೆ ಬಂದ. ಹಾಡು ಹೇಳು ಮಗಾ ಅಂದೆ. ಮೊದಲ ಸಾಲು ಬಂತು, ಆಮೇಲೆ ಎಂತದೂ ಇಲ್ಲ. ಅದರ ಅರ್ಥ ಎಂತ ಅಂತ ಕೇಳಿದೆ. ನನ್ನ ಮುಖವನ್ನೇ ನೋಡಿದ. ಅವನ ಮನೆಯಲ್ಲಿ ತುಳು. ಪಕ್ಕದ ಮನೆಯಲ್ಲಿ ಮಲಯಾಳ. ಆ ಹಾಡಿನ ಒಂದು ಶಬ್ದವೂ ಅವನು ಮುಟ್ಟಿದ್ದ, ತಿಂದಿದ್ದ, ಎಳೆದಾಡಿದ್ದ ವಸ್ತುವಿನದ್ದಲ್ಲ. ಅವನದ್ದೇನೂ ತಪ್ಪಿಲ್ಲ.

ಅದೇ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ಇನ್ನೊಂದು ಆಯಿತು. ಅಂಗಳದಲ್ಲಿ ಹಲಸಿನ ಹಪ್ಪಳ ಒಣಗ್ಲಿಕ್ಕೆ ಹಾಕಿದ್ದೆವು. ನಿಮಗೆ ಗೊತ್ತುಂಟಲ್ಲ, ಬೆಳೆದ ಸೊಳೆ ಬೇಯಿಸಿ, ಕಡೆದು, ಉಪ್ಪು ಜೀರಿಗೆ ಮೆಣಸು ಸೇರಿಸಿ, ಒತ್ತಿ, ಚಾಪೆಯ ಮೇಲೆ ಸಾಲಾಗಿ ಇಡುವುದು. ಕಾಗೆ ಓಡಿಸುವ ಕೆಲಸ ಯಾವಾಗಲೂ ಮನೆಯ ಸಣ್ಣವರಿಗೆ. ನಾನೂ ಮಾಡಿದ್ದೇನೆ; ಕಾಗೆ ತಿಂದದ್ದಕ್ಕಿಂತ ಹೆಚ್ಚು ಹಸಿ ಹಪ್ಪಳ ನಾನೇ ತಿಂದಿರಬೇಕು. ಆ ವರ್ಷ ನನ್ನ ಅಣ್ಣನ ಮೊಮ್ಮಗಳು, ನಾಲ್ಕು ವರ್ಷದವಳು, ಕೋಲು ಹಿಡಿದು ಕೂತಿದ್ದಳು. ಅಂಗನವಾಡಿಯಲ್ಲಿ ಮಲಯಾಳ ಮಾತ್ರ ಕೇಳಿ ಬೆಳೆದ ಮಗು. ಅವಳ ಬಾಯಲ್ಲಿ ಕಾಗೆ ‘ಕಾಕ್ಕ’, ಮಾವು ‘ಮಾಂಗ’, ಹಲಸು ‘ಚಕ್ಕ’. ಎಂಬತ್ತು ದಾಟಿದ್ದ ನನ್ನ ಅಮ್ಮ ಹಪ್ಪಳ ಮಗುಚಿ ಹಾಕುತ್ತಾ ಕಾಗೆಗೆ ಬೈಯುವ ಎಂತದೋ ಪದ ಹೇಳುತ್ತಿದ್ದರು. ಹಳೆಯದಲ್ಲ, ಅಲ್ಲಲ್ಲಿಯೇ ಕಟ್ಟಿದ್ದು. ಕಾಗೆ ಬಂದಾಗಲೆಲ್ಲ ಅದೇ ಪದ, ಅದೇ ರಾಗ, ಕೊನೆಗೆ ಕೋಲು ಒಂದು ಸಲ ನೆಲಕ್ಕೆ. ಮೂರನೇ ದಿನ ಅಮ್ಮ ಒಳಗೆ ಮಲಗಿದ್ದಾಗ ಅಂಗಳದಿಂದ ಆ ಪದ ಕೇಳಿತು. ಪೂರ್ತಿ. ಕಾಗೆ, ಚಾಪೆ, ಹಪ್ಪಳ, ಕೋಲು ನಾಲ್ಕೂ ಕನ್ನಡದಲ್ಲಿ ಬಂದಿದ್ದವು, ಯಾರೂ ಕಲಿಸದೆ. ನಮ್ಮ ಶಿಬಿರಕ್ಕೆ ಶಾಮಿಯಾನದ ಬಾಡಿಗೆ ಕೊಟ್ಟದ್ದು ನೆನಪಾಗಿ ನನಗೆ ನಗು ಬಂತು.

ಆವತ್ತಿನಿಂದ ನನ್ನ ಲೆಕ್ಕ ಬದಲಾಯಿತು. ಸಣ್ಣ ಮಕ್ಕಳಿಗೆ ಹಾಡು ಕಿವಿಯಿಂದ ಮಾತ್ರ ಒಳಗೆ ಹೋಗುವುದಿಲ್ಲ. ಕೈಯಲ್ಲಿ ಒಂದು ವಸ್ತು ಬೇಕು, ಮೈಗೆ ಒಂದು ಕೆಲಸ ಬೇಕು. ನಮ್ಮ ಊರಿನಲ್ಲಿ ಅಂಥ ವಸ್ತುಗಳು ರಾಶಿ ಬೀಳುವುದು ಯಾವಾಗ? ಏಪ್ರಿಲ್, ಮೇ. ಮಾವು, ಹಲಸು, ಗೇರು, ಪುನರ್ಪುಳಿ, ಒಣಗಿದ ಹಾಳೆ, ಬಿದ್ದ ಓಲೆ. ಅಕ್ಕ ಅಣ್ಣಂದಿರಿಗೆ ಶಾಲೆಗೆ ರಜೆ, ನಿಮಗೆ ಕಾಲೇಜಿಗೆ ರಜೆ. ಇಷ್ಟು ಅನುಕೂಲ ಇರುವಾಗ ನಾವು ಮಕ್ಕಳನ್ನು ಸಭಾಂಗಣದೊಳಗೆ ಕೂರಿಸುವುದು ಎಂತಕ್ಕೆ?

ಇನ್ನೊಂದು ವಿಷಯ ನಿಮ್ಮಲ್ಲಿ ಕಾನೂನು ಓದುವವರಿಗೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಯುವ ಅನುಕೂಲ ಕಲ್ಪಿಸಬೇಕು ಅಂತ ಸಂವಿಧಾನದ 350ಎ ವಿಧಿ ಹೇಳುತ್ತದೆ. 1956ರಲ್ಲಿ, ನಾವು ಕೇರಳಕ್ಕೆ ಸೇರಿದ ಅದೇ ವರ್ಷ, ತಿದ್ದುಪಡಿಯಲ್ಲಿ ಬಂದದ್ದು. ಆದರೆ ಅದು ಹೇಳುವುದು ಪ್ರಾಥಮಿಕ ಶಿಕ್ಷಣದ ಹಂತದ ಬಗ್ಗೆ. ಶಾಲೆಯ ಮೆಟ್ಟಿಲು ಹತ್ತುವ ಮೊದಲಿನ ಮೂರು ವರ್ಷದ ಮಗುವಿನ ಬಗ್ಗೆ ಅಲ್ಲಿ ಮಾತಿಲ್ಲ. ಅಂಗನವಾಡಿಯಲ್ಲಿ ಕನ್ನಡ ಬಲ್ಲವರನ್ನು ನೇಮಿಸಿ ಅಂತ ನಾವು ಕೇಳುತ್ತಲೇ ಇರಬೇಕು, ಅದನ್ನು ಬಿಡಬಾರದು. ಆದರೆ ಅರ್ಜಿಗೆ ಉತ್ತರ ಬರುವಷ್ಟರಲ್ಲಿ ಮೂರು ವರ್ಷದ ಮಗುವಿಗೆ ಆರು ತುಂಬಿರುತ್ತದೆ.

ಸರಿ, ಕೆಲಸಕ್ಕೆ ಬರೋಣ.

ಮೊದಲ ವಾರ ಹಾಡುವುದೇ ಬೇಡ, ಕೇಳಿಸಿ. ಒಂದು ಹಲಸಿನ ಕಾಯಿ, ಒಂದು ಹಣ್ಣು ತಂದು ಚಾಪೆಯ ಮೇಲೆ ಇಡಿ. ಹಣ್ಣಾಯಿತಾ ಇಲ್ಲವಾ ಅಂತ ನಮ್ಮ ಅಜ್ಜಂದಿರು ಹೇಗೆ ನೋಡುತ್ತಿದ್ದರು? ಬೆರಳಲ್ಲಿ ಬಡಿದು, ಕಿವಿಯಿಟ್ಟು. ಮಕ್ಕಳೂ ಹಾಗೇ ಮಾಡಲಿ. ಎಳೆಯದು ಗಟ್ಟಿ ದನಿ ಕೊಡುತ್ತದೆ, ಹಣ್ಣು ಮೆತ್ತಗೆ, ಒಳಗೆ ಪೊಳ್ಳಿದ್ದ ಹಾಗೆ. ನಾನು ಮಾಡುವಾಗ ಇಷ್ಟೇ ಹೇಳಿಸುತ್ತಿದ್ದೆ:

ಟಣ್ ಟಣ್ ಅಂದರೆ ಕಾಯಿ ಕಾಯಿ,
ಡೊಬ್ ಡೊಬ್ ಅಂದರೆ ತೆರೆ ಬಾಯಿ!

ಎರಡೇ ಸಾಲು. ಕವಿತೆ ಅಲ್ಲ ಅದು, ನಗಬೇಡಿ. ಆದರೆ ‘ತೆರೆ ಬಾಯಿ’ ಅಂದಾಗ ಎಲ್ಲ ಮಕ್ಕಳೂ ಬಾಯಿ ತೆರೆಯಬೇಕು, ನೀವು ಒಂದೊಂದು ಸೊಳೆ ಹಾಕಬೇಕು. ಆಮೇಲೆ ಆ ಎರಡು ಸಾಲು ಮರೆಯುವ ಮಗು ಇದ್ದರೆ ಹೇಳಿ. ಹಣ್ಣು ಕೊರೆಯುವಾಗ ಕೈಗೆ ಎಣ್ಣೆ ಹಚ್ಚುವುದನ್ನೂ ಮಕ್ಕಳ ಎದುರೇ ಮಾಡಿ. ಮುಳ್ಳು, ಮೇಣ, ಸೊಳೆ, ಬೀಜ, ಬಕ್ಕೆ, ತುಳುವೆ, ಒಂದು ಹಣ್ಣಿನಲ್ಲಿ ಎಷ್ಟು ಶಬ್ದ ನೋಡಿ! ಚಿತ್ರದ ಪುಸ್ತಕದಲ್ಲಿ ಸಿಗುವುದು ‘ಹಲಸು’ ಒಂದೇ.

ಇನ್ನು ಕೋಗಿಲೆ. ಅದಕ್ಕೆ ಸಂಬಳ ಕೊಡಬೇಕಾಗಿಲ್ಲ, ಬೆಳಿಗ್ಗೆ ತಾನೇ ಬರ್ತದೆ. ಅದರ ಕೂಗು ಮೆಟ್ಟಿಲು ಹತ್ತಿದ ಹಾಗೆ ಏರುತ್ತಾ ಹೋಗಿ ಒಮ್ಮೆಲೇ ನಿಲ್ಲುತ್ತದೆ. ನಾವು ಅಣಕಿಸಿದರೆ ಹಟಕ್ಕೆ ಬಿದ್ದು ಇನ್ನೂ ಏರಿಸುತ್ತದೆ ಅಂತ ನಾವು ಸಣ್ಣವರಿದ್ದಾಗ ನಂಬಿದ್ದೆವು. ಮಕ್ಕಳನ್ನು ಅದರ ಜೊತೆ ಕೂಗಿಸಿ. ಪೊದೆಯೊಳಗಿಂದ ಕೆಂಬೂತ ದಪ್ಪ ದನಿಯಲ್ಲಿ ಕುಪ್ ಕುಪ್ ಅನ್ನುತ್ತದಲ್ಲ, ಅದನ್ನೂ ಮಾಡಿಸಿ. ಕೋಗಿಲೆ ಅಂದಾಗ ಕೈ ಮೇಲೆ, ಕೆಂಬೂತ ಅಂದಾಗ ಕುಕ್ಕರುಗಾಲು. ಮೇಲಿನ ದನಿ, ಕೆಳಗಿನ ದನಿ ಅಂದರೆ ಎಂತ ಅಂತ ಮಗುವಿಗೆ ಗೊತ್ತಾಗುವುದು ಹೀಗೆ. ಸಂಗೀತದ ಮೇಷ್ಟ್ರು ಮುಂದೆ ಬೇಕಾದರೆ ಹೆಸರು ಹೇಳಿಕೊಡಲಿ.

ವಾದ್ಯಕ್ಕೆ ಒಂದು ರೂಪಾಯಿ ಖರ್ಚು ಮಾಡಬೇಡಿ. ಎರಡು ಗೆರಟೆ ಸಾಕು ತಾಳಕ್ಕೆ. ಒಣ ಹಾಳೆಯನ್ನು ಕೋಲಿನಿಂದ ಬಡಿದರೆ ಅದೇ ಚೆಂಡೆ. ಹಾಳೆಯ ಮೇಲೆ ಒಂದು ಮಗುವನ್ನು ಕೂರಿಸಿ ಎಳೆಯುತ್ತಾ ಹಾಡಿದರೆ ಅದೇ ಬಸ್ಸು. ಕಂಡಕ್ಟರ್ ಊರಿನ ಹೆಸರು ಕೂಗಲಿ, ಕುಂಬಳೆ, ಬದಿಯಡ್ಕ, ಪೆರ್ಲ, ಮಂಜೇಶ್ವರ. ಊರಿನ ಹೆಸರನ್ನು ನಾವು ಹೇಳುವ ಹಾಗೇ ಹೇಳಲಿ, ಬೋರ್ಡಿನಲ್ಲಿ ಹೇಗೆ ಬರೆದಿದ್ದರೂ. ತೆಂಗಿನ ಓಲೆಯ ಪೀಪಿ ಮಾಡ್ಲಿಕ್ಕೆ ಇಲ್ಲಿ ಎಷ್ಟು ಜನರಿಗೆ ಬರ್ತದೆ? ಮೂರೇ ಕೈಯಾ! ಹಾಗಾದರೆ ಇವತ್ತು ಮಧ್ಯಾಹ್ನ ಮೊದಲು ನೀವು ಕಲಿಯಿರಿ. ಬಾರದಿದ್ದರೆ ಊರಿನ ಅಜ್ಜನೊಬ್ಬರನ್ನು ಕರೆದು ತನ್ನಿ, ಅವರಿಗೂ ಆ ದಿನ ಒಳ್ಳೆಯದಾಗ್ತದೆ. ಪೀಪಿ ಊದಿ ಊದಿ ಹರಿದ ಮೇಲೆ ರಾಜರತ್ನಂ ಅವರ ತುತ್ತೂರಿಯ ಹಾಡು ಹೇಳಿಕೊಡಿ. ತುತ್ತೂರಿ ಹಾಳಾದ ಹುಡುಗನ ಸಂಕಟ ಆಗ ಅವರದೇ ಆಗಿರುತ್ತದೆ.

ಏಪ್ರಿಲ್ ನಡುವಿನಲ್ಲಿ ಬಿಸು ಬರ್ತದೆ. ಮನೆಯಲ್ಲಿ ದೊಡ್ಡವರು ಕಣಿ ಇಡುತ್ತಾರೆ. ಮಕ್ಕಳು ಅಂಗಳದಲ್ಲಿ ತಮ್ಮದೇ ಸಣ್ಣ ಕಣಿ ಇಡಲಿ, ತಾವೇ ಹೆಕ್ಕಿ ತಂದದ್ದು: ಒಂದು ಗೇರುಹಣ್ಣು, ಒಂದು ಮಿಡಿ, ಎರಡು ಕಕ್ಕೆ ಹೂವು, ಹಕ್ಕಿಯ ಗರಿ. ಒಬ್ಬೊಬ್ಬರೂ ತಂದದ್ದರ ಹೆಸರು ಹೇಳಿ ಇಡಬೇಕು. ಒಬ್ಬ ಹುಡುಗ ಒಂದು ವರ್ಷ ಚಪ್ಪಲಿ ತಂದಿಟ್ಟ. ಹೊಸ ಚಪ್ಪಲಿ, ಅವನಿಗೆ ಅದೇ ಫಲವಸ್ತು. ನಾವು ತೆಗೆಯಲಿಲ್ಲ.

ಮೇ ಕೊನೆಗೆ, ಪತ್ತನಾಜೆ ಹೊತ್ತಿಗೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವಾಗ ಆಕಾಶವೂ ಬದಲಾಗಿರುತ್ತದೆ. ಗಾಳಿ ಬರ್ತದೆ, ಕಾಟುಮಾವಿನಹಣ್ಣು ಉದುರುತ್ತದೆ. ನಾವು ಮರದಡಿ ನಿಂತು ಗಾಳಿಯನ್ನು ಕರೆಯುತ್ತಿದ್ದೆವು; ಬಂದರೆ ನಮ್ಮ ಹಾಡಿಗೇ ಬಂತು ಅಂತ ಲೆಕ್ಕ. ಪಂಜೆ ಮಂಗೇಶರಾಯರ ‘ತೆಂಕಣ ಗಾಳಿಯಾಟ’ಕ್ಕೆ ಸರಿಯಾದ ಹೊತ್ತು ಇದು. ಪಂಜೆಯವರು 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದವರು, ಅವರ ಕಾಲದಲ್ಲಿ ಬಂಟ್ವಾಳವೂ ಕಾಸರಗೋಡೂ ಒಂದೇ ಜಿಲ್ಲೆ. ಅವರು ಬರೆದ ಗಾಳಿ ನಮ್ಮ ತೆಂಗನ್ನು ಬಗ್ಗಿಸುವ ಅದೇ ಗಾಳಿ. ಪೂರ್ತಿ ಪದ್ಯ ಈ ವಯಸ್ಸಿಗೆ ಭಾರ. ನೀವು ಹಾಡಿ, ಮಕ್ಕಳು ತೆಂಗಿನಮರವಾಗಿ ಬಳುಕಲಿ, ಅಷ್ಟು ಸಾಕು. ಮೊದಲ ಮಳೆಗೆ ಮರದಡಿ ಮೊಳೆತ ಮಾವಿನ ಗೊರಟನ್ನು ಕಲ್ಲಿಗೆ ಉಜ್ಜಿ ಪೀಪಿ ಮಾಡಿಕೊಟ್ಟರೆ ಬೇಸಿಗೆ ಮುಗಿಯಿತು.

ಹಾಡುವ ಬಗ್ಗೆ ಒಂದೆರಡು ಮಾತು. ಗಂಡು ಹುಡುಗರೇ, ನಿಮ್ಮ ದಪ್ಪ ದನಿಗೆ ಆ ಮಕ್ಕಳಿಗೆ ದನಿ ಕೂಡಿಸ್ಲಿಕ್ಕೆ ಆಗುವುದಿಲ್ಲ. ಸ್ವಲ್ಪ ಏರಿಸಿ ಹಾಡಿ. ನಾಚಿಕೆಯಾದರೆ ಆಗಲಿ. ನಿಧಾನ ಹಾಡಿ; ಫೋನಿನಲ್ಲಿ ಬರುವ ಮಕ್ಕಳ ಹಾಡುಗಳ ವೇಗಕ್ಕೆ ಮಗುವಿನ ನಾಲಿಗೆ ಓಡುವುದಿಲ್ಲ, ಅದು ನೋಡುತ್ತಾ ಕೂರುತ್ತದೆ ಅಷ್ಟೇ. ದಿನಕ್ಕೊಂದು ಹೊಸ ಹಾಡು ಬೇಡ. ವಾರಕ್ಕೆ ಮೂರು, ಅದನ್ನೇ ತಿರುಗಿ ತಿರುಗಿ. ನಿಮಗೆ ಬೇಸರ ಬಂದಾಗ ಅವರಿಗೆ ರುಚಿ ಹತ್ತಿರುತ್ತದೆ. ಮಗು ಹಾಡದೆ ಸುಮ್ಮನೆ ಕೂತರೆ ಒತ್ತಾಯ ಮಾಡಬೇಡಿ. ಆ ಹೊತ್ತಿಗೆ ಬಾಯಿ ಮುಚ್ಚಿದ ಮಗು ಮನೆಗೆ ಹೋಗಿ ಬಚ್ಚಲಲ್ಲಿ ಹಾಡಿದ್ದನ್ನು ತಾಯಂದಿರು ಬಂದು ಹೇಳಿದ್ದಾರೆ.

ಮತ್ತೆ, ಇದು ಮುಖ್ಯ, ಮಗು ‘ಚಕ್ಕ’ ಅಂದರೆ ‘ತಪ್ಪು, ಹಲಸು ಹೇಳು’ ಅಂತ ತಿದ್ದಲೇಬೇಡಿ. ‘ಹೌದು, ಚಕ್ಕ. ಅಜ್ಜಿ ಪೆಲಕಾಯಿ ಅಂತಾಳೆ, ನಾವು ಹಲಸು ಅಂತೇವೆ’ ಅನ್ನಿ. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಕನ್ನಡ ಮಾತಾಡುತ್ತಾರೆ ಹೇಳಿ? ಮನೆಮಾತು ತುಳು, ಹವ್ಯಕ, ಕೊಂಕಣಿ, ಬ್ಯಾರಿ, ಮರಾಟಿ. ಕನ್ನಡ ನಮಗೆ ಶಾಲೆಯಲ್ಲಿ, ಭಜನೆಯಲ್ಲಿ, ಯಕ್ಷಗಾನದಲ್ಲಿ, ಪೇಪರಿನಲ್ಲಿ ಬಂದ ಭಾಷೆ. ಈಗ ಶಾಲೆಯಿಂದ ಕನ್ನಡ ಹೋದರೆ, ಮಗುವಿನ ಕಿವಿಗೆ ಅದು ಬೀಳುವ ಜಾಗವೇ ಕಡಿಮೆ. ಹಾಡಿಗೆ ಇಷ್ಟು ಬೆಲೆ ಬಂದದ್ದು ಆ ಕಾರಣಕ್ಕೆ. ಆದರೆ ಮಲಯಾಳವನ್ನು ಬೈದು ಕನ್ನಡ ಕಲಿಸಿದರೆ ಮಗು ಕಲಿಯುವುದು ಬೈಯುವುದನ್ನು ಮಾತ್ರ. ಪಕ್ಕದ ಮನೆಯ ಮಲಯಾಳಿ ಮಗುವೂ ಬಂದರೆ ಕೂರಿಸಿಕೊಳ್ಳಿ, ಅದಕ್ಕೂ ಒಂದು ಸೊಳೆ ಕೊಡಿ.

ಫೋನಿನಲ್ಲಿ ಕೇಳುತ್ತಿರುವ ಅಕ್ಕಲಕೋಟೆ, ಜತ್ತ ಕಡೆಯವರೇ, ನಿಮ್ಮ ಬೇಸಿಗೆ ಬೇರೆ ಅಂತ ಗೊತ್ತು. ಸೊಲ್ಲಾಪುರದ ಕಡೆ 40 ಡಿಗ್ರಿ ದಾಟುವ ಬಿಸಿಲಿನಲ್ಲಿ ಅಂಗಳದಾಟ ಆಗದು. ನಿಮ್ಮದು ಬೆಳಗಿನ ಜಾವ ಅಥವಾ ಸಂಜೆಯ ಕಟ್ಟೆ. ಆದರೆ ವಿಜಯಪುರ, ಬೆಳಗಾವಿ ಸೀಮೆಯಲ್ಲಿ ಮಳೆ ಕರೆಯಲು ಮಕ್ಕಳು ಗುರ್ಜಿ ಹೊತ್ತು ಮನೆಮನೆಗೆ ಹಾಡುತ್ತಾ ಹೋಗುತ್ತಾರಲ್ಲ, ಮನೆಯವರು ಮೇಲೆ ನೀರು ಸುರಿಯುತ್ತಾರಲ್ಲ, ಅಂಥದ್ದು ನಿಮ್ಮ ಊರಿನ ಹಿರಿಯರ ನೆನಪಿನಲ್ಲೂ ಇದ್ದರೆ ಅದಕ್ಕಿಂತ ಒಳ್ಳೆಯ ಬೇಸಿಗೆಯ ಹಾಡು ನಾನು ಎಲ್ಲಿಂದ ತರಲಿ? ಮಹಾರಾಷ್ಟ್ರದಲ್ಲಿ ಶಾಲೆ ತೆರೆಯುವುದು ಜೂನ್ ನಡುವಿನಲ್ಲಿ, ನಿಮಗೆ ಹೊತ್ತು ಉಂಟು. ಹೊಸೂರು, ತಾಳವಾಡಿಯವರೇ, ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುವ ಜಗಲಿಯೇ ನಿಮ್ಮ ತರಗತಿ. ಬೀಜ ಎಣಿಸಿ, ಸಾಲಿಡಿ, ಹಂಚಿ. ಮೇ ಫ್ಲವರ್ ಮರದ ಒಣಗಿದ ಉದ್ದನೆಯ ಕೋಡು ಎಲ್ಲ ಊರಿನಲ್ಲೂ ಬಿದ್ದಿರುತ್ತದೆ, ಅಲ್ಲಾಡಿಸಿದರೆ ಗಿಲಿಗಿಲಿ ಅನ್ನುತ್ತದೆ. ನಮ್ಮ ಹಾಡನ್ನು ನೀವು ನಕಲು ಮಾಡಬೇಡಿ. ನಿಮ್ಮ ಮಗುವಿಗೆ ಪುನರ್ಪುಳಿ ಅಂದರೆ ಎಂತ ಅಂತ ಗೊತ್ತಿಲ್ಲ.

ಜಾಗ್ರತೆಯ ಮಾತು ಬೇಗ ಹೇಳಿ ಮುಗಿಸ್ತೇನೆ. ಬೆಳಿಗ್ಗೆ ಏಳೂವರೆಯಿಂದ ಒಂಬತ್ತೂವರೆ, ಅಷ್ಟೇ. ನಡುವೆ ನೀರು ಮಜ್ಜಿಗೆ. ಬಾವಿ ಇರುವ ಅಂಗಳವಾದರೆ ಒಬ್ಬರು ಅದೇ ಕೆಲಸಕ್ಕೆ ನಿಲ್ಲಬೇಕು. ಹಸಿ ಗೇರುಬೀಜದ ಸೊನೆ ತುಟಿ ಸುಡುತ್ತದೆ, ಮಕ್ಕಳ ಕೈಗೆ ಹಣ್ಣು ಮಾತ್ರ ಕೊಡಿ. ಸಣ್ಣ ಬೀಜಗಳು ಮೂಗಿಗೂ ಕಿವಿಗೂ ಹೋಗ್ತವೆ. ಗುಲಗಂಜಿ ವಿಷ, ಅದನ್ನು ಅಂಗಳಕ್ಕೇ ತರಬೇಡಿ.

ಇನ್ನು ನಿಮ್ಮಲ್ಲಿ ಕೆಲವರ ಮನಸ್ಸಿನಲ್ಲಿರುವ ಪ್ರಶ್ನೆ. ಬೆಳಿಗ್ಗೆ ಒಬ್ಬ ಹುಡುಗ ಕೇಳಿಯೂ ಬಿಟ್ಟ: ‘ಟೀಚರೇ, ಇದರಿಂದ ಕನ್ನಡ ಶಾಲೆಗೆ ಮಕ್ಕಳು ಬರ್ತಾರಾ?’

ನಾನು ಕೆಲಸಕ್ಕೆ ಸೇರಿದಾಗ ನನ್ನ ಒಂದನೇ ತರಗತಿಯಲ್ಲಿ ನಡೆದಾಡ್ಲಿಕ್ಕೆ ಜಾಗ ಇರಲಿಲ್ಲ. ನಿವೃತ್ತಿಯ ವರ್ಷ ಎರಡು ಬೆಂಚು ಸಾಕಾಗಿತ್ತು. ಜೂನ್‌ನಲ್ಲಿ ಆರನೇ ಕೆಲಸದ ದಿನ ತಲೆ ಎಣಿಸುತ್ತಾರೆ, ಆ ಲೆಕ್ಕದ ಮೇಲೆ ಅಧ್ಯಾಪಕರ ಹುದ್ದೆ ನಿಲ್ಲುತ್ತದೆ ಅಥವಾ ಹೋಗುತ್ತದೆ. ಆ ಆರು ದಿನ ನಾನು ನಿದ್ದೆ ಮಾಡಿದವಳಲ್ಲ. ತಂದೆ ತಾಯಿ ತೀರ್ಮಾನ ಮಾಡುವುದು ಏಪ್ರಿಲ್, ಮೇ ತಿಂಗಳಲ್ಲಿಯೇ. ನಾವು ಮನೆಗೆ ಹೋಗಿ ಕೇಳಿದರೆ ಹೆಚ್ಚಿನವರು ಹೇಳುವುದು ಒಂದೇ, ‘ನಮ್ಮ ಮಗುವಿಗೆ ಕನ್ನಡ ಅರ್ಥ ಆಗುವುದಿಲ್ಲ ಟೀಚರೇ, ಪಾಪ, ಅಲ್ಲಿ ಕೂತು ಎಂತ ಮಾಡ್ತದೆ?’ ಅವರು ಸುಳ್ಳು ಹೇಳುವುದಲ್ಲ. ನಿಮ್ಮ ಅಂಗಳದಿಂದ ಮನೆಗೆ ಹೋದ ಮಗು ಅಮ್ಮನ ಎದುರು ಹಲಸು ಬಡಿದು ಎರಡು ಸಾಲು ಹೇಳಿದರೆ, ಆ ಅಮ್ಮನ ಹೆದರಿಕೆ ಒಂದು ಸ್ವಲ್ಪ ಕಡಿಮೆ ಆಗಬಹುದು. ನನ್ನ ಎರಡು ಬೆಂಚಿನಲ್ಲಿ ಹಾಗೆ ಬಂದ ಮಕ್ಕಳೂ ಇದ್ದವು.

ಆದರೆ ಅಡ್ಮಿಷನ್ ಫಾರ್ಮ್ ಹಿಡಿದುಕೊಂಡು ಅಂಗಳದಲ್ಲಿ ನಿಲ್ಲಬೇಡಿ. ಮಗು ಹಾಡಿದ ಕೂಡಲೇ ಅಮ್ಮನ ಕೈಗೆ ಪೆನ್ನು ಕೊಡಬೇಡಿ. ಜನರಿಗೆ ಗೊತ್ತಾಗ್ತದೆ, ಮರುದಿನ ಮಗುವನ್ನು ಕಳಿಸುವುದಿಲ್ಲ. ಯಾವ ಶಾಲೆಗೆ ಹೋಗುವ ಮಗುವೂ ಬರಲಿ. ಇಂಗ್ಲಿಷ್ ಮೀಡಿಯಮ್ಮಿಗೆ ಸೀಟು ಆಗಿರುವ ಮಗುವಿಗೆ ನೀವು ಕಡಿಮೆ ಹಾಡಿದರೆ ನನಗೆ ಸಿಟ್ಟು ಬರ್ತದೆ. ಶಾಲೆಯ ಮಾತನ್ನು ಸಂಜೆ, ಮನೆಗೆ ಹೋಗಿ, ಹಿರಿಯರ ಹತ್ತಿರ ಬೇರೆಯಾಗಿಯೇ ಮಾತಾಡಿ. ಅದಕ್ಕೆ ನಾನೂ ಬರ್ತೇನೆ.

ಹೂಂ, ಹೊತ್ತಾಯಿತು, ಒಳಗೆ ಊಟಕ್ಕೆ ಎಲೆ ಹಾಕಿದ್ದಾರೆ. ಊಟ ಆದ ಮೇಲೆ ಓಲೆ ಕಡಿದು ತನ್ನಿ, ಪೀಪಿ ಮಾಡ್ಲಿಕ್ಕೆ ಬರುವ ಆ ಮೂವರು ಉಳಿದವರಿಗೆ ಕಲಿಸಲಿ. ನಾಳೆ ಬರುವಾಗ ಒಬ್ಬೊಬ್ಬರೂ ಎರಡೆರಡು ಗೆರಟೆ ತರಬೇಕು. ಹೊರಗಿನ ನಾರು ಕೆರೆದು, ಅಂಚು ಕಲ್ಲಿಗೆ ಉಜ್ಜಿ ನಯ ಮಾಡಿ ತನ್ನಿ, ಮಕ್ಕಳ ಕೈ ಕೊಯ್ಯಬಾರದು. ಹಲಸು ನಮ್ಮ ಮನೆಯಿಂದ ಬರ್ತದೆ.